ದೇವಿ ಹಾಕಿಸಿಕೊಂಡವರು

ಜನ್ಮದಿನಾಂಕದ ದಾಖಲೆಯೊಂದು ಬೇಕಾಗಿ ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಟ್ಟ ಹತ್ತಿ, ತಗಡಿನ ಪೆಟ್ಟಿಗೆಯಿಂದ ನನ್ನ ಪ್ರಾಥಮಿಕ ಶಾಲೆಯ ವರ್ಗಾವಣೆ ಪತ್ರವನ್ನು ಹೊರತೆಗೆದೆ. ಮಳೆಗಾಲದ ತೇವಕ್ಕೆ ಅಂಚು ಮೆತ್ತಗಾಗಿದ್ದ ಆ ಕಾಗದದಲ್ಲಿ ಹುಟ್ಟಿದ ದಿನ, ಜಾತಿ, ನಡತೆ ಇವುಗಳ ನಡುವೆ ‘ಮೈಲಿ ಹಾಕಿಸಿದೆಯೇ?’ ಎಂಬ ಕಾಲಂ ಒಂದಿತ್ತು. ಅದರ ಎದುರಿಗೆ ನೀಲಿ ಶಾಯಿಯಲ್ಲಿ ‘ಹೌದು’ ಎಂದು ಬರೆದಿತ್ತು. ಚಿಕ್ಕವನಿದ್ದಾಗ ಆ ಸಾಲನ್ನು ಓದಿ, ಮನೆಯಿಂದ ಶಾಲೆಗೆ ಎಷ್ಟು ಮೈಲಿ ಎಂದು ಕೇಳಿರಬೇಕು, ಮೇಷ್ಟ್ರು ಸಂಖ್ಯೆ ಬರೆಯುವುದನ್ನು ಮರೆತಿರಬೇಕು ಎಂದುಕೊಂಡಿದ್ದೆ. ಮೈಲಿ ಎಂದರೆ ಸಿಡುಬು, ಕಾಲಂ ಕೇಳುತ್ತಿದ್ದುದು ಅದರ ಲಸಿಕೆಯ ಬಗ್ಗೆ ಎಂದು ತಿಳಿದದ್ದು ಆಮೇಲೆ. ಈಗ ಓದುವಾಗ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ನಾನು ಹುಟ್ಟಿದ್ದು 1984ರಲ್ಲಿ. ಸಿಡುಬು ಭೂಮಿಯಿಂದಲೇ ಇಲ್ಲವಾಯಿತೆಂದು ವಿಶ್ವ ಆರೋಗ್ಯ ಸಭೆ ಘೋಷಿಸಿದ್ದು 1980ರ ಮೇ 8ರಂದು. ನಾನು ಹುಟ್ಟುವುದಕ್ಕೆ ಮೊದಲೇ ಆ ಲಸಿಕೆ ಹಾಕುವುದು ನಿಂತುಹೋಗಿತ್ತು.

ದೊಡ್ಡಮ್ಮ ಜಗಲಿಯಲ್ಲಿ ಕುಳಿತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದರು. ಪತ್ರವನ್ನು ತೋರಿಸಿದಾಗ ಕನ್ನಡಕ ಸರಿಮಾಡಿಕೊಂಡು ಓದಿ, “ನಿಂಗೆ ಯಾರು ದೇವಿ ಹಾಕಿದ್ರು ಮಾರಾಯ? ಅವ್ರು ಬರೋದೇ ನಿಂತು ಎಷ್ಟು ವರ್ಷ ಆಗಿತ್ತು. ಮೇಷ್ಟ್ರು ಎಲ್ರಿಗೂ ಹೌದು ಅಂತ ಗೀಚಿರಬೇಕು” ಎಂದು ನಕ್ಕರು. ಆಮೇಲೆ ತಮ್ಮ ಮುಂಗೈಯನ್ನು ಮುಂದೆ ಚಾಚಿದರು. ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಹಳೆಯ ನಾಲ್ಕಾಣೆಯಷ್ಟು ಅಗಲದ ಎರಡು ಕಲೆಗಳು, ನಡುವೆ ತಗ್ಗಾಗಿ, ಅಂಚಿನಲ್ಲಿ ಸುಕ್ಕುಗಟ್ಟಿ ನಿಂತಿವೆ. ನನ್ನ ಎಡತೋಳಿನಲ್ಲಿರುವ ಕಲೆ ಅದಲ್ಲ. ಅದು ಕ್ಷಯರೋಗದ ವಿರುದ್ಧ ಹಾಕುವ ಬಿಸಿಜಿಯದು, ಕಡಲೆಬೇಳೆಯಷ್ಟು ಚಿಕ್ಕದು. ದೊಡ್ಡಮ್ಮನ ಕಾಲದಲ್ಲಿ ಮೈಲಿ ಹಾಕುವವರು ತರುತ್ತಿದ್ದುದು ಸಿರಿಂಜನ್ನಲ್ಲ, ಲೋಹದ ಕಡ್ಡಿಯ ತುದಿಗೆ ಮೊನಚು ಮುಳ್ಳುಗಳ ಚಿಕ್ಕ ಬಿಲ್ಲೆ ಕೂರಿಸಿದ ಒಂದು ಸಾಧನವನ್ನು. ಕೈಮೇಲೆ ಔಷಧದ ಹನಿ ಇಟ್ಟು, ಅದರ ಮೇಲೆ ಬಿಲ್ಲೆಯನ್ನು ಒತ್ತಿ ತಿರುಗಿಸುತ್ತಿದ್ದರು. ಜೀಪಿನ ಸದ್ದು ಕೇಳಿದರೆ ಮಕ್ಕಳೆಲ್ಲ ಅಡಿಕೆ ತೋಟಕ್ಕೋ ಕೊಟ್ಟಿಗೆಯ ಮೇಲಿನ ಹುಲ್ಲಟ್ಟಕ್ಕೋ ಓಡಿಹೋಗುತ್ತಿದ್ದರಂತೆ. ಆ ಸಾಧನದ ವಿವರ ಕೇಳಿದ ಮೇಲೆ ಅವರ ಓಟದಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ದೊಡ್ಡಮ್ಮ ಬಳಸಿದ ಮಾತು. ಅಮ್ಮ, ದೇವಿ ಎಂದರೆ ರೋಗ. ದೇವಿ ಹಾಕುವುದು ಎಂದರೆ ಆ ರೋಗ ಬಾರದಂತೆ ಮಾಡುವ ಉಪಾಯ. ಮೈಲಿ ಎಂದರೂ ಹಾಗೆಯೇ: ಮೈಲಿ ಏಳುವುದು ರೋಗ, ಮೈಲಿ ಹಾಕಿಸುವುದು ರಕ್ಷಣೆ. ಕೆಲವು ಕಡೆ ‘ದಾಕು ಹಾಕುವುದು’ ಎಂಬ ಬಳಕೆಯೂ ಇದೆ. ಇಂಗ್ಲಿಷಿನ ವ್ಯಾಕ್ಸಿನ್ ಎಂಬ ಪದ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ ಹಸುವನ್ನು ಹೇಳುವ ವಾಕಾ ಎಂಬ ಮಾತಿನಿಂದ. ನಾವು ಈಗ ಬರೆಯುವ ಲಸಿಕೆ ಎಂಬುದು ಮೈಯೊಳಗಿನ ತೆಳುವಾದ ರಸವನ್ನು ಹೇಳುವ ಸಂಸ್ಕೃತದ ಲಸೀಕಾದಿಂದ ಬಂದದ್ದು. ಒಂದು ಪದ ಔಷಧ ಎಲ್ಲಿಂದ ಬಂತೆಂದು ಹೇಳುತ್ತದೆ, ಇನ್ನೊಂದು ಅದು ಹೇಗಿದೆಯೆಂದು ಹೇಳುತ್ತದೆ. ಅದು ಮಾಡುವ ಕೆಲಸವನ್ನು ಹೇಳುವುದು ಮಾತ್ರ ನಮ್ಮ ಹಳ್ಳಿಯ ಮಾತು. ದೊಡ್ಡ ದೇವಿ ತಾನಾಗಿ ಬಂದು ಮೈಯೇರುವ ಮೊದಲು ಚಿಕ್ಕ ದೇವಿಯನ್ನು ನಾವೇ ಕರೆಸಿ, ತೋಳಿನ ಮೇಲೆ ಒಂದೆರಡು ಗುಳ್ಳೆಯಷ್ಟು ಜಾಗ ಕೊಟ್ಟು ಕಳಿಸುವುದು. ಇದನ್ನು ಮೂಢನಂಬಿಕೆಯ ಮಾತೆಂದು ನಗುವವರನ್ನು ಕಂಡಿದ್ದೇನೆ. ಆದರೆ ರೋಗದ ಹತ್ತಿರದ ಬಂಧುವನ್ನೇ ಸ್ವಲ್ಪದರಲ್ಲಿ ಒಳಗೆ ಬಿಟ್ಟುಕೊಂಡು ರೋಗವನ್ನು ತಡೆಯುವ ಈ ಕ್ರಮಕ್ಕೆ ಇದಕ್ಕಿಂತ ಕರಾರುವಾಕ್ಕಾದ ಹೆಸರು ನನಗಂತೂ ಹೊಳೆಯುವುದಿಲ್ಲ.

ದೊಡ್ಡ ದೇವಿಯ ಸ್ವರೂಪ ಹೇಗಿತ್ತೆಂಬುದು ಈಗಿನ ನಲವತ್ತರ ಒಳಗಿನವರಿಗೆ ಊಹೆಗೂ ನಿಲುಕುವಂಥದ್ದಲ್ಲ. ಸಿಡುಬಿನ ವೈರಾಣು ಉಸಿರಿನ ಮೂಲಕ ಒಳಹೊಕ್ಕ ಮೇಲೆ ಸುಮಾರು ಹತ್ತರಿಂದ ಹದಿನಾಲ್ಕು ದಿನ ಯಾವ ಲಕ್ಷಣವೂ ಇರುವುದಿಲ್ಲ. ಬಳಿಕ ವಿಪರೀತ ಜ್ವರ, ಸೊಂಟನೋವು, ವಾಂತಿ. ಎರಡು ಮೂರು ದಿನಗಳಲ್ಲಿ ಬಾಯೊಳಗೂ ಮುಖದ ಮೇಲೂ ಕಾಣಿಸಿಕೊಳ್ಳುವ ಗುಳ್ಳೆಗಳು ಕೈಕಾಲಿಗೆ ಹರಡಿ, ಅಂಗೈ ಅಂಗಾಲುಗಳನ್ನೂ ಬಿಡದೆ ಏಳುತ್ತವೆ. ಚರ್ಮದ ಆಳದಲ್ಲಿ ಕಾಳು ಹುದುಗಿಸಿಟ್ಟಂತೆ ಗಟ್ಟಿಯಾಗಿರುತ್ತವೆ, ಒಂದು ಭಾಗದವೆಲ್ಲ ಒಟ್ಟಿಗೆ ಬಲಿತು ಒಟ್ಟಿಗೆ ಕೀವಾಗುತ್ತವೆ. ಸೀತಾಳೆ ಸಿಡುಬಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಗುಳ್ಳೆ ಹೆಚ್ಚಾಗಿ ಎದೆಬೆನ್ನಿನ ಮೇಲೆ, ಒಂದು ಎದ್ದಾಗ ಇನ್ನೊಂದು ಒಣಗಿರುವಂತೆ ಬಿಡಿಬಿಡಿಯಾಗಿ ಬರುತ್ತದೆ. ನಮ್ಮ ಹಿರಿಯರು ಎರಡನ್ನೂ ಅಮ್ಮನೆಂದೇ ಕರೆದರೂ ಯಾವುದು ಯಾವ ಅಮ್ಮನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಿಡುಬಿನ ಉಗ್ರ ಬಗೆಯಲ್ಲಿ ಹತ್ತು ಮಂದಿಗೆ ಬಂದರೆ ಮೂವರು ಸಾಯುತ್ತಿದ್ದರು. ಉಳಿದವರ ಮುಖದಲ್ಲಿ ಕುಳಿ ಉಳಿಯುತ್ತಿತ್ತು, ಕೆಲವರ ಕಣ್ಣು ಹೋಗುತ್ತಿತ್ತು. ಕ್ರಿಸ್ತಪೂರ್ವ 12ನೆಯ ಶತಮಾನದಲ್ಲಿ ಸತ್ತ ಈಜಿಪ್ಟಿನ ಐದನೆಯ ರಾಮ್ಸೆಸ್ ದೊರೆಯ ಮಮ್ಮಿಯ ಮುಖದ ಮೇಲೆ ಇಂಥವೇ ಗುಳ್ಳೆಗಳ ಗುರುತು ಇದೆ. ಅಷ್ಟು ಹಿಂದಕ್ಕೆ ಹೋಗದೆ 20ನೆಯ ಶತಮಾನವೊಂದನ್ನೇ ತೆಗೆದುಕೊಂಡರೂ ಸಿಡುಬಿಗೆ ಬಲಿಯಾದವರ ಅಂದಾಜು 30 ಕೋಟಿ.

ಔಷಧವಿಲ್ಲದ ಕಾಯಿಲೆಗೆ ಉಪಚಾರವೆಂದರೆ ತಂಪು ಮಾಡುವುದೊಂದೇ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಎಣ್ಣೆಯಲ್ಲಿ ಕರಿಯುವಂತಿಲ್ಲ, ನೆಂಟರು ಬರುವಂತಿಲ್ಲ, ಆ ಮನೆಯವರು ಮದುವೆ ಮುಂಜಿಗೆ ಹೋಗುವಂತಿಲ್ಲ. ಮೈ ಹಾಸಿಗೆಗೆ ಅಂಟದಿರಲೆಂದು ಬಾಳೆ ಎಲೆಯ ಮೇಲೆ ಮಲಗಿಸಬೇಕು, ಎಳನೀರು, ಮೊಸರನ್ನ ಕೊಡಬೇಕು, ಬೇವಿನ ಸೊಪ್ಪಿನಿಂದ ಗಾಳಿ ಬೀಸಬೇಕು. (ಬೇವು ಬಯಲುಸೀಮೆಯ ಮರ, ನಮ್ಮ ಮಳೆಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಹಾಗಾಗಿ ಘಟ್ಟದ ಕಡೆಯವರು ಅದನ್ನು ಎಲ್ಲಿಂದಲೋ ತರಿಸಬೇಕಾಗುತ್ತಿತ್ತು.) ಉತ್ತರ ಭಾರತದಲ್ಲಿ ಈ ದೇವಿಯ ಹೆಸರೇ ಶೀತಲಾ, ಅಂದರೆ ತಂಪಾದವಳು. ನಮ್ಮಲ್ಲಿ ಆಕೆ ಮಾರಿ, ಮಾರಿಕಾಂಬೆ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆಯಲ್ಲಿ ಎರಡು ವರ್ಷಕ್ಕೊಮ್ಮೆ ಅವಳ ಜಾತ್ರೆಗೆ ಈಗಲೂ ಜನ ಕಿಕ್ಕಿರಿದು ಸೇರುತ್ತಾರೆ. ಹಳ್ಳಿಗಳಲ್ಲಿ ಮಾರಿಯನ್ನು ಪೂಜಿಸಿ ಊರ ಗಡಿ ದಾಟಿಸಿ ಬರುವ ಪದ್ಧತಿಯಿತ್ತು. ಆಚೆ ಊರಿನವರು ಅವಳನ್ನು ಪೂಜಿಸಿ ತಮ್ಮ ಗಡಿ ದಾಟಿಸುತ್ತಿದ್ದರು.

ಈ ಕಟ್ಟುಪಾಡುಗಳೆಲ್ಲ ಇಂದಿನ ಕ್ವಾರಂಟೈನೇ ಎಂದು ಹೆಮ್ಮೆಪಡುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ನೆಂಟರನ್ನು ತಡೆದದ್ದರಿಂದ ಎಷ್ಟೋ ಜೀವ ಉಳಿದಿರಬೇಕು. ಆದರೆ ಮೈಮೇಲೆ ದೇವಿಯೇ ಇದ್ದಾಳೆಂದು ನಂಬಿ ರೋಗಿಯನ್ನು ನೋಡಿ ಕೈಮುಗಿಯಲು ಬಂದವರೂ ಇದ್ದರು. ದೇವಿ ಮುನಿದಾಳೆಂಬ ಭಯಕ್ಕೆ ರೋಗಿಯನ್ನು ಸರ್ಕಾರದವರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟವರೂ ಇದ್ದರು. ಯಾವ ಕಟ್ಟುಪಾಡೂ ಹತ್ತರಲ್ಲಿ ಮೂವರ ಸಾವನ್ನು ಎರಡಕ್ಕೆ ಇಳಿಸಲಿಲ್ಲ.

ಇಳಿಸಿದ್ದು ಬೇರೆ ಒಂದು ಗಮನಿಕೆ. ಒಮ್ಮೆ ಸಿಡುಬೆದ್ದು ಬದುಕಿದವರಿಗೆ ಅದು ಮತ್ತೆ ಬರುವುದಿಲ್ಲವೆಂಬುದನ್ನು ಬೇರೆ ಬೇರೆ ದೇಶದವರು ತಂತಮ್ಮಷ್ಟಕ್ಕೆ ಕಂಡುಕೊಂಡಿದ್ದರು. ಹಾಗಾದರೆ ಹಗುರವಾಗಿ ಬಂದ ರೋಗಿಯ ಗುಳ್ಳೆಯ ಕೀವನ್ನೋ ಹೊಪ್ಪಳೆಯನ್ನೋ ತೆಗೆದು ಆರೋಗ್ಯವಂತರ ಮೈಗೆ ತಾವೇ ಅಂಟಿಸಿದರೆ ಹೇಗೆ? ಚೀನಾದಲ್ಲಿ ಹೊಪ್ಪಳೆಯ ಪುಡಿಯನ್ನು ಕೊಳವೆಯಿಂದ ಮೂಗಿಗೆ ಊದುತ್ತಿದ್ದರು. ತುರ್ಕಿಯಲ್ಲಿ ಸೂಜಿಯಿಂದ ಚರ್ಮ ಗೀರುತ್ತಿದ್ದರು. ಅಲ್ಲಿದ್ದ ಬ್ರಿಟಿಷ್ ರಾಯಭಾರಿಯ ಹೆಂಡತಿ, ಸ್ವತಃ ಸಿಡುಬಿನಿಂದ ಮುಖ ಕೆಡಿಸಿಕೊಂಡಿದ್ದ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು, ಇದನ್ನು ಕಂಡು 1718ರಲ್ಲಿ ತನ್ನ ಮಗನಿಗೂ 1721ರಲ್ಲಿ ಲಂಡನ್ನಿನಲ್ಲಿ ಮಗಳಿಗೂ ಮಾಡಿಸಿದಳು. ಅದೇ 1721ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಸಿಡುಬು ಹಬ್ಬಿದಾಗ ಅಲ್ಲಿನವರಿಗೆ ಈ ವಿದ್ಯೆ ಸಿಕ್ಕಿದ್ದು ಒನೆಸಿಮಸ್ ಎಂಬ ಆಫ್ರಿಕದ ಗುಲಾಮನಿಂದ. ತನ್ನ ನಾಡಿನಲ್ಲಿ ತನಗೆ ಹೀಗೆ ಮಾಡಿದ್ದರೆಂದು ಆತ ತನ್ನ ಒಡೆಯನಿಗೆ ಮೊದಲೇ ಹೇಳಿದ್ದ. ಬಂಗಾಳದಲ್ಲಿ ಹೀಗೆ ಸಿಡುಬು ಅಂಟಿಸುತ್ತಿದ್ದ ಟೀಕಾದಾರರ ಬಗ್ಗೆ ಹಾಲ್ವೆಲ್ ಎಂಬ ಕಂಪನಿ ಅಧಿಕಾರಿ 1767ರಲ್ಲಿ ವಿವರವಾಗಿ ಬರೆದ. ಬೇಸಗೆಗೆ ಮುಂಚೆ ಮನೆಮನೆಗೆ ಬರುವ ಬ್ರಾಹ್ಮಣರು ಹಿಂದಿನ ವರ್ಷದ ಕೀವನ್ನು ಹತ್ತಿಯಲ್ಲಿ ಕಾದಿಟ್ಟು, ಗಂಗಾಜಲದಿಂದ ಒದ್ದೆ ಮಾಡಿ ತೋಳಿಗೆ ಹಚ್ಚುತ್ತಿದ್ದರು, ಪಥ್ಯ ಹೇಳುತ್ತಿದ್ದರು, ತಣ್ಣೀರು ಸುರಿಸುತ್ತಿದ್ದರು. ಉಸಿರಿನ ಬದಲು ಚರ್ಮದ ದಾರಿಯಲ್ಲಿ ಒಳಹೊಕ್ಕ ವೈರಾಣು ಸಾಮಾನ್ಯವಾಗಿ ಸೌಮ್ಯವಾಗಿರುತ್ತಿತ್ತು. ಸಾವು ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಆದರೆ ಹೀಗೆ ಮಾಡಿಸಿಕೊಂಡವರಿಗೆ ಬರುತ್ತಿದ್ದುದು ನಿಜವಾದ ಸಿಡುಬೇ ಆದ್ದರಿಂದ ಅವರು ಪಕ್ಕದ ಮನೆಯವರಿಗೆ ಉಗ್ರ ಸಿಡುಬನ್ನೇ ಹಂಚಬಹುದಾಗಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಸುವಿನ ಗುಳ್ಳೆಯಿಂದ ಲಸಿಕೆ ಹಾಕುವ ವಿದ್ಯೆ ಧನ್ವಂತರಿಯ ಕಾಲದಿಂದ ನಮ್ಮಲ್ಲಿತ್ತು, ಇಂಗ್ಲಿಷರು ಅದನ್ನು ಕದ್ದರು ಎಂಬ ಸಂದೇಶ ನನ್ನ ಮೊಬೈಲಿಗೆ ವರ್ಷಕ್ಕೊಮ್ಮೆಯಾದರೂ ಬರುತ್ತದೆ, ಸಂಸ್ಕೃತ ಶ್ಲೋಕದ ಸಮೇತ. ಈ ಮಾತಿನ ಮೂಲ ಹುಡುಕಿದವರಿಗೆ ದೊರೆತದ್ದು ಪ್ರಾಚೀನ ಓಲೆಗರಿಯಲ್ಲ, 1819ರ ಮದರಾಸಿನ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದ ಒಂದು ಪತ್ರ. ಹೊಸ ಲಸಿಕೆಗೆ ಹಿಂಜರಿಯುತ್ತಿದ್ದ ಜನರನ್ನು ಒಪ್ಪಿಸಲು ಶಾಸ್ತ್ರದ ಒಪ್ಪಿಗೆ ಇದ್ದಂತೆ ತೋರಿಸುವ ಪ್ರಯತ್ನಗಳು ಆಗ ಮದರಾಸಿನಲ್ಲಿ ನಡೆದಿದ್ದವು. ಒಳ್ಳೆಯ ಉದ್ದೇಶದ ಸುಳ್ಳು ಇನ್ನೂರು ವರ್ಷ ಬಾಳಿದೆ. ನಮ್ಮವರಿಗೆ ಗೊತ್ತಿದ್ದದ್ದು ಸಿಡುಬಿನಿಂದಲೇ ಸಿಡುಬನ್ನು ತಡೆಯುವ ಟೀಕಾ. ಅದೇ ಸಣ್ಣ ಸಾಧನೆಯಲ್ಲದಿರುವಾಗ ಇನ್ನೊಬ್ಬರದ್ದನ್ನು ನಮ್ಮದೆಂದು ಹೇಳಿಕೊಳ್ಳುವ ಅಗತ್ಯವೇನೆಂದು ನನಗೆ ತಿಳಿಯುವುದಿಲ್ಲ.

ಹಸುವಿನ ದಾರಿ ತೆರೆದದ್ದು ಇಂಗ್ಲೆಂಡಿನ ಕೊಟ್ಟಿಗೆಗಳಲ್ಲಿ. ಅಲ್ಲಿನ ಹಸುಗಳ ಕೆಚ್ಚಲ ಮೇಲೆ ಒಂದು ಬಗೆಯ ಗುಳ್ಳೆ ಏಳುತ್ತಿತ್ತು. ಹಾಲು ಕರೆಯುವವರ ಕೈಗೆ ಅದು ಅಂಟಿ, ಕೆಲವು ದಿನ ನೋವು ಕೊಟ್ಟು ಮಾಯುತ್ತಿತ್ತು. ಅಂಥವರಿಗೆ ಸಿಡುಬು ಬರುವುದಿಲ್ಲವೆಂದು ರೈತರು ಮಾತಾಡಿಕೊಳ್ಳುತ್ತಿದ್ದರು. ಬೆಂಜಮಿನ್ ಜೆಸ್ಟಿ ಎಂಬ ರೈತ 1774ರಲ್ಲಿ ಊರಿಗೆ ಸಿಡುಬು ಬಂದಾಗ ಆ ಮಾತನ್ನು ನಂಬಿ, ಪಕ್ಕದ ಹೊಲದ ಹಸುವಿನ ಗುಳ್ಳೆಯ ರಸವನ್ನು ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಸೂಜಿಯಿಂದ ಚುಚ್ಚಿದ. ಊರವರು ಅವನನ್ನು ಬೈದರು. ಅವನು ಏನನ್ನೂ ಬರೆದಿಡಲಿಲ್ಲ. ಇಪ್ಪತ್ತೆರಡು ವರ್ಷಗಳ ಬಳಿಕ ಬರ್ಕ್ಲಿ ಎಂಬ ಊರಿನ ವೈದ್ಯ ಎಡ್ವರ್ಡ್ ಜೆನ್ನರ್ ಅದನ್ನೇ ಮಾಡಿ, ಪರೀಕ್ಷಿಸಿ, ಬರೆದ. ಹೆಸರು ಉಳಿದದ್ದು ಬರೆದವನದು.

ಜೆನ್ನರನಿಗೆ ಎಂಟು ವರ್ಷವಾಗಿದ್ದಾಗ ಅವನಿಗೂ ಹಳೆಯ ಕ್ರಮದಲ್ಲಿ ಸಿಡುಬು ಅಂಟಿಸಿದ್ದರು. ಅದಕ್ಕೆ ಮುನ್ನ ವಾರಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು, ರಕ್ತ ತೆಗೆದು ಬಡಕಲು ಮಾಡಿದ್ದರಂತೆ; ಆ ದಿನಗಳನ್ನು ಅವನು ಎಂದೂ ಮರೆಯಲಿಲ್ಲ. 1796ರ ಮೇ 14ರಂದು ಅವನು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹೆಣ್ಣುಮಗಳ ಕೈಯಲ್ಲಿದ್ದ ಗುಳ್ಳೆಯಿಂದ ರಸ ತೆಗೆದು, ತನ್ನ ತೋಟದ ಮಾಲಿಯ ಎಂಟು ವರ್ಷದ ಮಗ ಜೇಮ್ಸ್ ಫಿಪ್ಸ್‌ನ ತೋಳಿನಲ್ಲಿ ಎರಡು ಗೀರು ಮಾಡಿ ಹಚ್ಚಿದ. ಸಾರಾಳಿಗೆ ಗುಳ್ಳೆ ಅಂಟಿಸಿದ ಹಸುವಿನ ಹೆಸರು ಬ್ಲಾಸಮ್, ನಮ್ಮ ಮಾತಿನಲ್ಲಿ ಹೇಳುವುದಾದರೆ ಹೂವಿ. ಹುಡುಗನಿಗೆ ಒಂದು ದಿನ ಚಳಿ, ತಲೆನೋವು ಬಂದು ಹೋಯಿತು. ಜುಲೈ 1ರಂದು ಜೆನ್ನರ್ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವು ಹಚ್ಚಿದ. ಏನೂ ಆಗಲಿಲ್ಲ. ಈ ಎರಡನೆಯ ದಿನಾಂಕವನ್ನು ಓದುವಾಗಲೆಲ್ಲ ನನಗೆ ಆ ಮಾಲಿಯ ನೆನಪಾಗುತ್ತದೆ. ಒಡೆಯನಿಗೆ ಬೇಡವೆನ್ನುವ ಸ್ವಾತಂತ್ರ್ಯ ಅವನಿಗೆ ಎಷ್ಟಿತ್ತೋ! ಲಂಡನ್ನಿನ ರಾಯಲ್ ಸೊಸೈಟಿ ಜೆನ್ನರನ ಬರಹವನ್ನು ಹಿಂದಿರುಗಿಸಿತು. 1798ರಲ್ಲಿ ಅವನು ತನ್ನದೇ ಖರ್ಚಿನಲ್ಲಿ ಅದನ್ನು ಅಚ್ಚು ಹಾಕಿಸಿದ. ಮುಂದೆ 1881ರಲ್ಲಿ ಲೂಯಿ ಪಾಶ್ಚರ್, ಹಸುವಿಗೂ ತಾನು ಮಾಡಿದ ಔಷಧಗಳಿಗೂ ಸಂಬಂಧವಿಲ್ಲದಿದ್ದರೂ, ಜೆನ್ನರನ ಗೌರವಾರ್ಥ ಇಂಥ ಎಲ್ಲ ಔಷಧಗಳನ್ನೂ ವ್ಯಾಕ್ಸಿನ್ ಎಂದೇ ಕರೆಯೋಣವೆಂದು ಸೂಚಿಸಿದ.

ಹಸುವಿನ ಆ ರೋಗ ಯೂರೋಪಿನ ಕಡೆಯದು. ನಮ್ಮ ಮಲೆನಾಡು ಗಿಡ್ಡಗಳ ಕೆಚ್ಚಲನ್ನು ಎಷ್ಟು ಹುಡುಕಿದರೂ ಅದು ಸಿಗುವಂತಿರಲಿಲ್ಲ, ಆದ್ದರಿಂದ ಭಾರತಕ್ಕೆ ಲಸಿಕೆಯನ್ನು ಅಲ್ಲಿಂದಲೇ ತರಬೇಕಾಯಿತು. ಐಸ್ ಪೆಟ್ಟಿಗೆಯಿಲ್ಲದ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನ ಪ್ರಯಾಣಕ್ಕೆ ಆ ರಸ ತಡೆಯುತ್ತಿರಲಿಲ್ಲ. ಅದು ಕೆಡದೆ ಉಳಿಯುವ ಒಂದೇ ಪಾತ್ರೆಯೆಂದರೆ ಮನುಷ್ಯನ ತೋಳು. ಒಂದು ಮಗುವಿಗೆ ಹಾಕಿ, ಎಂಟನೆಯ ದಿನ ಅದರ ಗುಳ್ಳೆ ಬಲಿತಾಗ ಅದರಿಂದ ಇನ್ನೊಂದು ಮಗುವಿಗೆ, ಅದರಿಂದ ಮತ್ತೊಂದಕ್ಕೆ, ಹೀಗೆ ದೀಪದಿಂದ ದೀಪ ಹಚ್ಚಿದಂತೆ ಸಾಗಿಸಬೇಕು. 1803ರಲ್ಲಿ ಸ್ಪೇನಿನ ದೊರೆ ಅಮೆರಿಕದ ತನ್ನ ವಸಾಹತುಗಳಿಗೆ ಲಸಿಕೆ ಕಳಿಸಿದ್ದು ಬಾಟಲಿಯಲ್ಲಲ್ಲ, ಹಡಗಿನಲ್ಲಿ ಕೂರಿಸಿದ 22 ಅನಾಥ ಬಾಲಕರ ತೋಳುಗಳಲ್ಲಿ. ನಮ್ಮ ಕಡೆಗೆ ಅದು ವಿಯೆನ್ನಾದಿಂದ ಬಾಗ್ದಾದ್, ಬಸ್ರಾ ದಾಟಿ, ಸಮುದ್ರ ಮಾರ್ಗವಾಗಿ ಮುಂಬಯಿಗೆ ಬಂತು. 1802ರ ಜೂನ್ 14ರಂದು ಅಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಹಾಕಿದ್ದು ಹಿಡಿಯಿತು. ಭಾರತದಲ್ಲಿ ದೇವಿ ಹಾಕಿಸಿಕೊಂಡ ಮೊದಲಿಗಳು ಅವಳು. ಆ ಮಗುವಿನ ತೋಳಿನಿಂದ ಹೊರಟ ಸರಪಣಿ ಮದರಾಸಿಗೂ ಹೈದರಾಬಾದಿಗೂ ಹರಡಿತು. ನನಗೆ ಜೆನ್ನರನಿಗಿಂತ ಈ ಸರಪಣಿಯ ಮಕ್ಕಳ ಬಗ್ಗೆಯೇ ಕುತೂಹಲ ಹೆಚ್ಚು. ಎಂಟನೆಯ ದಿನ ಮತ್ತೆ ಬರಬೇಕೆಂದು ತಾಯಂದಿರಿಗೆ ಯಾರು, ಯಾವ ಮಾತಿನಲ್ಲಿ ಹೇಳಿದರು, ಎಷ್ಟು ಜನ ಬಂದರು? ಅವರಲ್ಲಿ ಹೆಚ್ಚಿನವರ ಹೆಸರು ಯಾವ ಕಾಗದದಲ್ಲೂ ಇಲ್ಲ.

ಹೆಸರು ಉಳಿದ ಒಬ್ಬಳು ಮೈಸೂರಿನ ಅರಮನೆಯಲ್ಲಿದ್ದಳು. ಆಗ ನಮ್ಮ ಶಿವಮೊಗ್ಗ, ನಗರ ಸೀಮೆಗಳೂ ಮೈಸೂರಿಗೇ ಸೇರಿದ್ದವು. ಬಾಲಕ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು 1805ರಲ್ಲಿ ಮದುವೆಯಾಗಲು ಬಂದ ಹನ್ನೆರಡರ ಹರೆಯದ ದೇವಾಜಮ್ಮಣ್ಣಿಗೆ ಈ ಹೊಸ ಲಸಿಕೆ ಹಾಕಿಸಲಾಯಿತು. ಅದೇ ಸುಮಾರಿಗೆ ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿ ಬರೆದ, ಅರಮನೆಯ ಮೂವರು ಹೆಂಗಸರ ಚಿತ್ರವೊಂದಿದೆ. ಅದರ ಬಲಬದಿಯ ಯುವತಿ ಸೆರಗನ್ನು ಸರಿಸಿ ಎಡತೋಳಿನ ಮೇಲ್ಭಾಗದ ಕಡೆಗೆ ಗಮನ ಸೆಳೆಯುತ್ತಾಳೆ. ಅವಳೇ ದೇವಾಜಮ್ಮಣ್ಣಿ, ಅವಳು ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗ, ಎಡಬದಿಯವಳ ಮೂಗು ಬಾಯಿಗಳ ಸುತ್ತ ಕಾಣುವ ಬಣ್ಣಗೆಟ್ಟ ಚರ್ಮ ಹಳೆಯ ಕ್ರಮದ ಗುರುತು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಆಭರಣವನ್ನು ತೋರಿಸಲು ಸೆರಗು ಸರಿಸಿದ್ದೆಂದು ಯಾರಾದರೂ ಹೇಳಬಹುದು. ಆದರೆ ರಾಣೀವಾಸದ ಹೆಣ್ಣುಮಗಳೊಬ್ಬಳು ಪರಪುರುಷನಾದ ಚಿತ್ರಕಾರನ ಎದುರು ತೋಳು ತೆರೆದು ನಿಲ್ಲಲು ಅದಕ್ಕಿಂತ ದೊಡ್ಡ ಕಾರಣವೇ ಬೇಕಿತ್ತೆಂದು ನನಗೂ ಅನ್ನಿಸುತ್ತದೆ. ಅದೇ ವರ್ಷಗಳಲ್ಲಿ ಮೈಸೂರು ಸೀಮೆಯಲ್ಲಿ ನೆಲೆಸಿದ್ದ ಫ್ರೆಂಚ್ ಪಾದ್ರಿ ದ್ಯುಬುವಾ ಕೂಡ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು.

ತೋಳಿನಿಂದ ತೋಳಿಗೆ ಸಾಗುವ ಪದ್ಧತಿ ನಮ್ಮ ಸಮಾಜದಲ್ಲಿ ಸಲೀಸಾಗಿ ನಡೆಯುವಂಥದ್ದಾಗಿರಲಿಲ್ಲ. ಯಾರ ಮಗುವಿನ ಗುಳ್ಳೆಯ ರಸ ಯಾರ ಮಗುವಿನ ಮೈಗೆ ಎಂಬ ಪ್ರಶ್ನೆ ಎದ್ದಿತು. ಮುಟ್ಟಲೂ ಒಪ್ಪದವರು ಮೈಯೊಳಗಿನ ರಸವನ್ನು ಹಂಚಿಕೊಳ್ಳುವುದು ಎಲ್ಲಿಂದ ಬಂತು? ಜಾತಿಯನ್ನು ಬದಿಗಿಟ್ಟರೂ ಒಬ್ಬರ ಬೇರೆ ರೋಗ ಇನ್ನೊಬ್ಬರಿಗೆ ದಾಟುವ ಅಪಾಯ ನಿಜವಾಗಿಯೂ ಇತ್ತು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಕರುವಿನ ಹೊಟ್ಟೆಯ ಚರ್ಮದ ಮೇಲೆ ಲಸಿಕೆ ಬೆಳೆಸಿ ಕೆರೆದು ತೆಗೆಯುವ ಪದ್ಧತಿ ಬಳಕೆಗೆ ಬಂದಾಗ ಈ ತೊಡಕು ತಪ್ಪಿ, ಗೋವಿಗೆ ಹಿಂಸೆಯಾಗುತ್ತದೆ ಎಂಬ ಹೊಸ ತಕರಾರು ಹುಟ್ಟಿತು. ಗಾಂಧೀಜಿಯವರೇ ಲಸಿಕೆಯ ವಿರುದ್ಧ ಬರೆದಿದ್ದರು; ಅವರ ವಿಷಯದಲ್ಲಿ ನಾನು ಒಪ್ಪದ ಸಂಗತಿಗಳಲ್ಲಿ ಇದು ಮುಖ್ಯವಾದದ್ದು. ಇನ್ನೂ ವಿಚಿತ್ರವೆಂದರೆ, ಲಸಿಕೆಯಲ್ಲಿದ್ದ ವೈರಾಣು ಹಸುವಿನ ಗುಳ್ಳೆಯ ವೈರಾಣುವೇ ಅಲ್ಲವೆಂದು 1939ರಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ 1902ರಲ್ಲಿ ತಯಾರಾದ ಲಸಿಕೆಯೊಂದನ್ನು ಈಚೆಗೆ ಪರೀಕ್ಷಿಸಿದಾಗ ಅದು ಕುದುರೆಯ ಗುಳ್ಳೆರೋಗದ ವೈರಾಣುವಿಗೆ ತೀರ ಹತ್ತಿರದ್ದೆಂದು ಕಂಡಿತು. ಹಸುವಿನ ಹೆಸರಿನ ಲಸಿಕೆಯ ಹುಟ್ಟಿನಲ್ಲಿ ಕುದುರೆಗೂ ಪಾಲಿರುವ ಹಾಗಿದೆ.

ಲಸಿಕೆಯಿದ್ದೂ ನೂರೈವತ್ತು ವರ್ಷ ಸಿಡುಬು ಉಳಿದದ್ದಕ್ಕೆ ಮುಖ್ಯ ಕಾರಣ ನಮ್ಮಂಥ ದೇಶಗಳ ಬಿಸಿಲು. ದ್ರವರೂಪದ ಲಸಿಕೆ ಹಳ್ಳಿ ತಲುಪುವಷ್ಟರಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. 1950ರ ದಶಕದಲ್ಲಿ ಲಂಡನ್ನಿನ ಲೆಸ್ಲಿ ಕೊಲಿಯರ್ ರೂಢಿಗೆ ತಂದ, ಶೈತ್ಯದಲ್ಲಿ ಒಣಗಿಸಿದ ಪುಡಿ ಲಸಿಕೆ 37 ಡಿಗ್ರಿ ಶಾಖದಲ್ಲೂ ತಿಂಗಳು ಕಾಲ ಕೆಡದೆ ಉಳಿಯಿತು. ಇಂಥ ಲಸಿಕೆ ನಮ್ಮ ಬೆಳಗಾವಿಯ ಸಂಸ್ಥೆಯಲ್ಲೂ ತಯಾರಾಗುತ್ತಿತ್ತು. 1960ರ ದಶಕದಲ್ಲಿ ಕವಲು ಸೂಜಿ ಬಂತು: ಎರಡು ಹಲ್ಲಿನ ನಡುವೆ ಒಂದು ಹನಿ ನಿಲ್ಲುತ್ತದೆ, ಹದಿನೈದು ಸಲ ಬೇಗಬೇಗ ಚುಚ್ಚಿದರೆ ಮುಗಿಯಿತು, ಯಾರಾದರೂ ಕಲಿಯಬಹುದು, ಲಸಿಕೆಯೂ ಕಾಲು ಪಾಲು ಸಾಕು. ದೊಡ್ಡಮ್ಮನ ಕೈಮೇಲೆ ತಿರುಗಿದ ಬಿಲ್ಲೆ ಇದರ ಮುಂದೆ ಗಾಣದಂತೆ ಕಾಣುತ್ತದೆ.

ಭಾರತ 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನಾ ಕಾರ್ಯಕ್ರಮ ಆರಂಭಿಸಿದಾಗ ಎಲ್ಲರಿಗೂ ಲಸಿಕೆ ಹಾಕಿಬಿಡಬೇಕೆಂಬ ಹಂಬಲವಿತ್ತು. ಹುಟ್ಟುವ ಮಕ್ಕಳ ವೇಗಕ್ಕೆ ಅದು ಸಾಟಿಯಾಗಲಿಲ್ಲ. 1966ರ ಕೊನೆಯಲ್ಲಿ ಪೂರ್ವ ನೈಜೀರಿಯಾದಲ್ಲಿ ಸಾಕಷ್ಟು ಲಸಿಕೆ ಇಲ್ಲದೆ ಕಂಗೆಟ್ಟಿದ್ದ ವಿಲಿಯಂ ಫೇಗಿ ಎಂಬ ವೈದ್ಯ ಬೇರೆ ದಾರಿ ಹಿಡಿದ: ರೋಗಿಯನ್ನು ಹುಡುಕು, ಅವನ ಸುತ್ತಲಿನವರಿಗೆ ಮಾತ್ರ ಹಾಕು. ಕಾಡಿಗೆ ಬೆಂಕಿ ಬಿದ್ದಾಗ ಕಾಡನ್ನೆಲ್ಲ ನೀರಿನಿಂದ ತೋಯಿಸಲು ಹೋಗದೆ ಉರಿಯ ಸುತ್ತ ತರಗೆಲೆ ಗುಡಿಸಿ ಬೆಂಕಿಗೆರೆ ಬಿಡಿಸುವುದನ್ನು ನಾವು ಪ್ರತಿ ಬೇಸಗೆಯಲ್ಲಿ ನೋಡುತ್ತೇವಲ್ಲ, ಅದೇ ಕ್ರಮ. ದಕ್ಷಿಣದ ರಾಜ್ಯಗಳಲ್ಲಿ ಅಷ್ಟು ಹೊತ್ತಿಗೆ ಸಿಡುಬು ಬಹುಮಟ್ಟಿಗೆ ಇಳಿದಿತ್ತು. ಬಿಹಾರ, ಉತ್ತರ ಪ್ರದೇಶಗಳಲ್ಲಿ ಮಾತ್ರ 1974ರಲ್ಲಿ ಭೀಕರವಾಗಿ ಎದ್ದಿತು. ಆ ಒಂದು ವರ್ಷ ದೇಶದಲ್ಲಿ 1,88,000 ಮಂದಿಗೆ ರೋಗ ಬಂದು 31,000ಕ್ಕೂ ಹೆಚ್ಚು ಜನ ಸತ್ತರು. ಲಕ್ಷಕ್ಕೂ ಮೀರಿದ ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡು ಹಿಡಿದು, ಇಂಥವರನ್ನು ಎಲ್ಲಾದರೂ ಕಂಡಿರಾ ಎಂದು ಮನೆಮನೆಯಲ್ಲಿ ಕೇಳಿದರು. ತೋರಿಸಿಕೊಟ್ಟವರಿಗೆ ಇನಾಮು ಏರುತ್ತ ಏರುತ್ತ 1,000 ರೂಪಾಯಿ ಮುಟ್ಟಿತು. 1975ರ ಮೇ ತಿಂಗಳಲ್ಲಿ, ಬಾಂಗ್ಲಾದೇಶದಿಂದ ಬಂದು ಅಸ್ಸಾಮಿನ ಕರೀಮ್‌ಗಂಜ್ ರೈಲು ನಿಲ್ದಾಣದಲ್ಲಿದ್ದ ಮಹಿಳೆಯೊಬ್ಬಳಲ್ಲಿ ಕಂಡದ್ದೇ ಭಾರತದ ಕೊನೆಯ ಪ್ರಕರಣ. ಜಗತ್ತಿನಲ್ಲಿ ಸಹಜವಾಗಿ ಸಿಡುಬು ತಗಲಿದ ಕೊನೆಯವನು ಸೊಮಾಲಿಯಾದ ಆಸ್ಪತ್ರೆಯೊಂದರ ಅಡುಗೆಯಾಳು ಅಲಿ ಮಾವ್ ಮಾಲಿನ್, 1977ರ ಅಕ್ಟೋಬರಿನಲ್ಲಿ. ಅವನು ಬದುಕಿಕೊಂಡ. ಮುಂದೆ ತನ್ನ ದೇಶದಲ್ಲಿ ಪೋಲಿಯೊ ಲಸಿಕೆಯ ಪ್ರಚಾರಕ್ಕೆ ದುಡಿದ.

ಇದು ಸಾಧ್ಯವಾದದ್ದು ಸಿಡುಬಿನ ಸ್ವಭಾವದಿಂದಲೂ ಹೌದು, ಮತ್ತು ಇದನ್ನು ನಮ್ಮ ಜಿಲ್ಲೆಯವರು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಜನಕ್ಕೆ ಜ್ವರ ಬಂದ ದಿನದಿಂದ ಮಂಗನ ಕಾಯಿಲೆ ನಮ್ಮನ್ನು ಬಿಟ್ಟಿಲ್ಲ. ಅದಕ್ಕೂ ಲಸಿಕೆ ಬಂತು. ತಿಂಗಳ ಅಂತರದಲ್ಲಿ ಎರಡು ಚುಚ್ಚು, ಆಮೇಲೆ ಬೂಸ್ಟರ್, ಆಮೇಲೆ ವರ್ಷವರ್ಷವೂ ಇನ್ನೊಂದು. ಇಷ್ಟೆಲ್ಲ ಮಾಡಿಯೂ ರಕ್ಷಣೆ ಪೂರ್ತಿಯಲ್ಲ. ಕೊನೆಗೆ ಈಚಿನ ವರ್ಷಗಳಲ್ಲಿ ಅದನ್ನು ಕೊಡುವುದೇ ನಿಂತಿತು. ಮಂಗನ ಕಾಯಿಲೆಯ ವೈರಾಣು ಉಣುಗಿನಲ್ಲಿದೆ, ಮಂಗದಲ್ಲಿದೆ, ಕಾಡಿನ ಇಲಿ ಹೆಗ್ಗಣಗಳಲ್ಲಿದೆ. ಮನುಷ್ಯರಿಗೆಲ್ಲ ಲಸಿಕೆ ಹಾಕಿದರೂ ಕಾಡಿನಲ್ಲಿ ಅದು ಹಾಯಾಗಿರುತ್ತದೆ. ಸಿಡುಬಿಗೆ ಮನುಷ್ಯನ ಮೈ ಬಿಟ್ಟರೆ ಬೇರೆ ಮನೆಯಿರಲಿಲ್ಲ. ಬಂದರೆ ಮುಖದ ಮೇಲೇ ಬರುತ್ತಿತ್ತು, ಬಚ್ಚಿಟ್ಟುಕೊಳ್ಳಲು ಆಗುತ್ತಿರಲಿಲ್ಲ; ಒಂದು ಸಲ ಹಾಕಿಸಿದ ಲಸಿಕೆ ವರ್ಷಾನುಗಟ್ಟಲೆ ಕಾಯುತ್ತಿತ್ತು. ಎಲ್ಲ ಊರಿನವರೂ ಒಟ್ಟಿಗೆ ಗಡಿ ಮುಚ್ಚಿದಾಗ ಆ ಮಾರಿಗೆ ಹೋಗಲು ಮುಂದಿನ ಊರು ಉಳಿಯಲಿಲ್ಲ.

ಪೂರ್ತಿ ಹೋಗಿಲ್ಲ ಎನ್ನುವುದನ್ನೂ ದೊಡ್ಡಮ್ಮನಿಗೆ ಹೇಳಿದೆ. ಅಮೆರಿಕದ ಅಟ್ಲಾಂಟಾದಲ್ಲಿ ಒಂದು, ರಷ್ಯದ ಕೋಲ್ತ್ಸೊವೊದಲ್ಲಿ ಒಂದು, ಹೀಗೆ ಎರಡು ಪ್ರಯೋಗಾಲಯಗಳಲ್ಲಿ ಸಿಡುಬಿನ ವೈರಾಣುವನ್ನು ಇನ್ನೂ ಕಾದಿಟ್ಟಿದ್ದಾರೆ. ನಾಶ ಮಾಡಬೇಕೋ ಬೇಡವೋ ಎಂದು ದಶಕಗಳಿಂದ ಚರ್ಚೆ ನಡೆದೇ ಇದೆ. ದೊಡ್ಡಮ್ಮ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿ, “ಹೆಂಗೆ ಇಟ್ಟಿದಾರೆ ಅವಳನ್ನ?” ಎಂದು ಕೇಳಿದರು. ನಮ್ಮ ಮನೆಯ ಫ್ರಿಜ್ಜಿನ ಐಸಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಚಳಿಯಲ್ಲಿ, ಹೆಪ್ಪುಗಟ್ಟಿಸಿ, ಬೀಗ ಹಾಕಿ ಇಟ್ಟಿದ್ದಾರೆ ಎಂದೆ. ಅವರು ಸ್ವಲ್ಪ ಹೊತ್ತು ಅಂಗಳದ ಮಳೆಯನ್ನು ನೋಡುತ್ತ ಕುಳಿತು, ಮತ್ತೊಂದು ಬೀಜ ಕೈಗೆತ್ತಿಕೊಂಡರು.

“ತಂಪಾಗಿದಾಳಲ್ಲ, ಹಂಗಿದ್ರೆ ಇರ್ಲಿ ಬಿಡು.”